ಮೂರನೇ ಸಿಲಿಂಡರ್‌ನ ಮುನಿಸು

ಶುರುವಾಗಿದ್ದು ಏರು ಹತ್ತುವಾಗ. ನಾಲ್ಕನೇ ಗೇರಿನಲ್ಲಿ ಆಕ್ಸಲರೇಟರ್ ಒತ್ತಿದೆ, ಕಾರು ಎಡವಿದ ಹಾಗೆ ಒಂದು ಸಲ ಮುಗ್ಗರಿಸಿತು. ಗೇರ್ ಇಳಿಸಿದೆ, ಸರಿಹೋಯಿತು. ಪೆಟ್ರೋಲಿನಲ್ಲಿ ಏನೋ ಕಸ ಇರಬೇಕು ಅಂದುಕೊಂಡು ಸುಮ್ಮನಾದೆ. ವಾರ ಕಳೆಯುವಷ್ಟರಲ್ಲಿ ನಿಂತಲ್ಲೇ ನಡುಗತೊಡಗಿತು. ಸ್ಟೀರಿಂಗ್ ನಡುಗುತ್ತಿತ್ತು, ಸೀಟು ನಡುಗುತ್ತಿತ್ತು, ಕನ್ನಡಿಯೊಳಗೆ ಹಿಂದಿನ ಗಾಡಿಯ ದೀಪಗಳು ಎರಡೆರಡಾಗಿ ಕಾಣುತ್ತಿದ್ದವು. ಆಮೇಲೆ ಒಂದು ಸಂಜೆ ಡ್ಯಾಶ್‌ಬೋರ್ಡಿನ ಹಳದಿ ಇಂಜಿನ್ ದೀಪ ಮಿಟುಕತೊಡಗಿತು.

ಆ ದೀಪ ಸುಮ್ನೆ ಉರಿಯುವುದಕ್ಕೂ ಮಿಟುಕುವುದಕ್ಕೂ ಬಹಳ ವ್ಯತ್ಯಾಸ ಇದೆ. ಉರಿಯುತ್ತಿದ್ದರೆ 'ಬೇಗ ನೋಡು' ಅಂತ ಅರ್ಥ. ಮಿಟುಕುತ್ತಿದ್ದರೆ 'ಈಗಲೇ ಕಾಲು ತೆಗಿ' ಅಂತ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಆ ಡಬ್ಬಿಯೊಳಗಿನ ಜೇನುಗೂಡಿನಂಥ ಪಿಂಗಾಣಿ ಅಷ್ಟು ಶಾಖ ತಡೆಯದೆ ಕರಗಿಹೋಗಬಹುದು. ಒಂದು ಪ್ಲಗ್ಗಿನಲ್ಲಿ ಮುಗಿಯಬೇಕಾದ ಖರ್ಚು ಹಲವು ಪಟ್ಟು ಆಗುವುದು ಹೀಗೆ. ನಿಧಾನಕ್ಕೆ, ಆಕ್ಸಲರೇಟರ್ ಮೇಲೆ ಕಾಲು ಇಟ್ಟೂ ಇಡದ ಹಾಗೆ ಮನೆ ಸೇರಿದೆ.

ಮರುದಿನ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರದಲ್ಲಿ ಕೈ ಹಿಡಿದೆ. ಇಂಜಿನ್ ಆರೋಗ್ಯವಾಗಿದ್ದರೆ ಗಾಳಿ ಒಂದೇ ಸಮ ಬಡಿಯುತ್ತದೆ. ನನ್ನದು ಪುಸ್, ಪುಸ್, ಪುಸ್, ಆಮೇಲೆ ಏನೂ ಇಲ್ಲ. ಮತ್ತೆ ಪುಸ್ ಪುಸ್ ಪುಸ್. ಜತೆಗೆ ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಹೇಳುವುದಾದರೆ ಗಾಡಿ ಮಿಸ್ಸಿಂಗ್ ಹೊಡೆಯುತ್ತಿತ್ತು. ನಾಲ್ಕು ಸಿಲಿಂಡರಿನಲ್ಲಿ ಮೂರು ದುಡಿಯುತ್ತಿದ್ದವು, ಒಂದು ಮುನಿಸಿಕೊಂಡು ಕೂತಿತ್ತು.

ಯಾವುದು ಅಂತ ತಿಳಿಯಲು ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಒಂದು ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದೆ. ಮೊಬೈಲಿನಲ್ಲಿ ಬಂದ ಕೋಡ್ ಪಿ0303. ಕೊನೆಯ ಅಂಕಿಯೇ ಸಿಲಿಂಡರಿನ ನಂಬರು. ಪಿ0300 ಬಂದಿದ್ದರೆ ಅಲ್ಲೊಂದು ಇಲ್ಲೊಂದು ಸಿಲಿಂಡರ್ ತಪ್ಪುತ್ತಿದೆ ಅಂತ ಅರ್ಥ, ಆಗ ಹುಡುಕುವ ದಾರಿಯೇ ಬೇರೆ. ಮೂರನೆಯದು ಅಂದಮೇಲೆ ಎಲ್ಲಿಂದ ಎಣಿಸುವುದು? ನನ್ನ ಗಾಡಿಯಲ್ಲಿ ಟೈಮಿಂಗ್ ಚೈನ್ ಇರುವ ಕಡೆಯದು ಒಂದನೆಯದು. ಎಲ್ಲ ಕಂಪನಿಯವರೂ ಹಾಗೇ ಎಣಿಸುವುದಿಲ್ಲವಾದ್ದರಿಂದ ಮ್ಯಾನ್ಯುಅಲ್ ತೆಗೆದು ನೋಡಿಯೇ ಮುಂದುವರಿದೆ.

ಗಾಡಿಯ ಕಂಪ್ಯೂಟರಿಗೆ ಇದು ಹೇಗೆ ಗೊತ್ತಾಗುತ್ತದೆ ಅನ್ನುವುದು ನನಗೆ ಈಗಲೂ ಮಜಾ ಕೊಡುವ ವಿಷಯ. ಸಿಲಿಂಡರಿನೊಳಗೆ ಇಣುಕಿ ನೋಡುವ ಕಣ್ಣೇನೂ ಅದಕ್ಕಿಲ್ಲ. ಪಿಸ್ಟನ್ನುಗಳು ತಿರುಗಿಸುವ ದಂಡಕ್ಕೆ ಕ್ರ್ಯಾಂಕ್ ಅಂತ ಹೆಸರು. ಅದರ ಜತೆ ತಿರುಗುವ ಹಲ್ಲಿನ ಚಕ್ರವೊಂದಿದೆ, ಪಕ್ಕದಲ್ಲಿ ಒಂದು ಸೆನ್ಸರ್ ಕೂತು ಹಲ್ಲು ಎಣಿಸುತ್ತಿರುತ್ತದೆ. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕಿಗೆ ಒಂದು ತಳ್ಳು ಸಿಗುತ್ತದೆ, ಹಲ್ಲುಗಳು ಚೂರು ಬೇಗ ಹಾದುಹೋಗುತ್ತವೆ. ಯಾವ ಸರದಿಯಲ್ಲಿ ಆ ತಳ್ಳು ಬರಲಿಲ್ಲವೋ ಆ ಸಿಲಿಂಡರಿನ ಹೆಸರು ಬರೆದುಕೊಳ್ಳುತ್ತದೆ. ಸ್ಲೋ ಸ್ಪೀಡಿನಲ್ಲಿ ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಅನ್ನಿ. ಒಂದೊಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 400 ಸಲ ಉರಿಯಬೇಕು. ಸೆಕೆಂಡಿಗೆ ಆರಕ್ಕಿಂತ ಜಾಸ್ತಿ. ಅಷ್ಟು ಬೇಗ ಬಂದುಹೋಗುವ ಸರದಿಯಲ್ಲಿ ಗೈರುಹಾಜರಿ ಹಿಡಿಯುತ್ತದೆ ಅಂದರೆ ಮೆಚ್ಚಬೇಕು, ಅಲ್ವಾ?

ಆದರೆ ಅದು ಹಿಡಿಯುವುದು ಗೈರುಹಾಜರಿ ಮಾತ್ರ. ಕಾರಣ ಅದಕ್ಕೆ ಗೊತ್ತಿಲ್ಲ. ಕಿಡಿ ಬರಲಿಲ್ಲವೋ, ಪೆಟ್ರೋಲು ಬರಲಿಲ್ಲವೋ, ಒಳಗೆ ಒತ್ತಡವೇ ನಿಲ್ಲುತ್ತಿಲ್ಲವೋ, ಮೂರರಲ್ಲಿ ಯಾವುದಾದರೂ ಪಿ0303 ಒಂದೇ.

ಫೋನ್ ಮಾಡಿದ ಗೆಳೆಯನಿಗೆ ಆ ಸಂಶಯವೇ ಇರಲಿಲ್ಲ. "ನಾಲ್ಕೂ ಪ್ಲಗ್, ನಾಲ್ಕೂ ಕಾಯಿಲ್ ಚೇಂಜ್ ಮಾಡ್ಬಿಡು, ತಲೆನೋವೇ ಇರಲ್ಲ" ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ. ಇವನ ಮಾತು ಕೇಳಿದ್ದರೆ ಎಮ್ಮೆಗಷ್ಟೇ ಅಲ್ಲ, ಕೊಟ್ಟಿಗೆಯಲ್ಲಿದ್ದ ಎಲ್ಲಕ್ಕೂ ಬರೆ ಬೀಳುತ್ತಿತ್ತು.

ದುಡ್ಡು ಖರ್ಚಿಲ್ಲದ ಉಪಾಯ ಒಂದಿದೆ, ಅದಲು ಬದಲು. ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವುದು ಕಾಯಿಲ್. ಮೂರರ ಕಾಯಿಲ್ ತೆಗೆದು ಒಂದಕ್ಕೆ ಹಾಕು, ಒಂದರದ್ದು ಮೂರಕ್ಕೆ. ಕೋಡ್ ಅಳಿಸಿ ಗಾಡಿ ಓಡಿಸು. ಕೋಡ್ ಪಿ0301 ಆಗಿ ಬಂದರೆ ಕಾಯಿಲ್ ಜತೆ ರೋಗವೂ ಹೋಯಿತು ಅಂತ ಅರ್ಥ. ಪಿ0303 ಆಗಿಯೇ ಉಳಿದರೆ ಕಾಯಿಲ್ ಪಾಪ, ಅದರ ತಪ್ಪೇನಿಲ್ಲ. ಕಿಡಿ ಕೊಡುವ ಕಾಯಿಲ್ ಸಿಲಿಂಡರಿಗೊಂದರಂತೆ ಬೇರೆ ಬೇರೆ ಇರುವ ಗಾಡಿಗಳಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಭಾನುವಾರ ಅಕ್ಕನ ಮಗ ಬಂದಿದ್ದ. ಟಾರ್ಚ್ ಹಿಡಿಯುವ ಕೆಲಸ ಅವನಿಗೆ. ಇಂಜಿನ್ ಪೂರ್ತಿ ತಣ್ಣಗಾಗಲಿ ಅಂತ ರಾತ್ರಿಯಿಡೀ ಬಿಟ್ಟಿದ್ದೆ. ಸಿಲಿಂಡರುಗಳ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂನದು, ಬಿಸಿಯಿದ್ದಾಗ ಪ್ಲಗ್ ಬಿಚ್ಚಿದರೆ ಅದರ ಮರೆಯೂ (ಥ್ರೆಡ್) ಕಿತ್ತು ಬರುವ ಭಯ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆದೆ. ಕಾಯಿಲ್‌ನ ಕನೆಕ್ಟರಿನಲ್ಲಿ ಉಗುರಿನಷ್ಟು ಪ್ಲಾಸ್ಟಿಕ್ ಲಾಕ್ ಇರುತ್ತದೆ. ವರ್ಷಗಟ್ಟಲೆ ಇಂಜಿನ್ ಶಾಖ ತಿಂದು ಅದು ಹಪ್ಪಳದ ಹಾಗೆ ಆಗಿತ್ತು. ಒತ್ತಿದ್ದೇ ತಡ, ಟಕ್ ಅಂತ ಮುರಿದು ಎಲ್ಲೋ ಕೆಳಗೆ ಬಿತ್ತು. ಮೊದಲ ಬಲಿ. ಅದನ್ನು ಕೊನೆಗೆ ಪ್ಲಾಸ್ಟಿಕ್ ಟೈ ಹಾಕಿ ಬಿಗಿದೆ. ಇವತ್ತಿಗೂ ಅದೇ ಟೈ ಇದೆ.

ಕಾಯಿಲ್ ಎಳೆದಾಗ ಅದರ ತುದಿಯ ರಬ್ಬರ್ ಬೂಟು, ಪ್ಲಗ್ಗಿನ ತಲೆಗೆ ಟೋಪಿಯ ಹಾಗೆ ಕೂರುವ ಉದ್ದನೆ ರಬ್ಬರ್, ಸ್ವಲ್ಪ ಜಾರುತ್ತಿತ್ತು. ಎಣ್ಣೆ ಪಸೆ. ಯಾವಾಗಲೋ ಇಂಜಿನ್ ಆಯಿಲ್ ಹಾಕುವಾಗ ಚೆಲ್ಲಿರಬೇಕು ಅಂತ ಬಟ್ಟೆಯಿಂದ ಒರೆಸಿದೆ. ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ, ನಾನಂತೂ ಆಗ ಮರೆತೇಬಿಟ್ಟೆ.

ಆಮೇಲೆ ಪ್ಲಗ್. ಬಿಚ್ಚುವ ಮುಂಚೆ ಅದು ಕೂರುವ ಗುಂಡಿಯೊಳಗೆ ಗಾಳಿ ಊದಿ ಧೂಳು ತೆಗೆದೆ, ಇಲ್ಲದಿದ್ದರೆ ಅದೆಲ್ಲ ಸೀದಾ ಸಿಲಿಂಡರಿನೊಳಗೆ. ಮೂರನೆಯದರ ತುದಿ ಒದ್ದೆಯಾಗಿತ್ತು, ಪೆಟ್ರೋಲ್ ವಾಸನೆ. ಉಳಿದ ಮೂರು ಒಣಗಿ ಬೂದು ಮಿಶ್ರಿತ ಕಂದು ಬಣ್ಣದಲ್ಲಿದ್ದವು. ಒದ್ದೆ ಪ್ಲಗ್ ಒಂದು ಒಳ್ಳೆ ಸುಳಿವು. ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ ಅಂತ ಅದು ತಾನೇ ಹೇಳುತ್ತಿದೆ. ಹಾಗಾದರೆ ಕಿಡಿಯದ್ದೇ ತೊಂದರೆ ಇರಬೇಕು. ಉತ್ಸಾಹ ಹೆಚ್ಚಾಯಿತು. ಆ ಉತ್ಸಾಹದಲ್ಲಿ ಕಾಯಿಲ್ಲನ್ನೂ ಪ್ಲಗ್ಗನ್ನೂ ಎರಡನ್ನೂ ಮೂರರಿಂದ ಒಂದಕ್ಕೆ ಹಾಕಿಬಿಟ್ಟೆ.

ಒಂದು ಸುತ್ತು ಓಡಿಸಿ ಬಂದು ನೋಡಿದರೆ ಪಿ0301. "ನೋಡ್ದಾ! ಸಿಕ್ಕಿಬಿತ್ತು" ಅಂದೆ.

ಹುಡುಗ ಟಾರ್ಚ್ ಆರಿಸಿ ಕೇಳಿದ, "ಮಾವ, ಹಾಗಾದ್ರೆ ಹಾಳಾಗಿರೋದು ಯಾವ್ದು? ಕಾಯಿಲ್ಲೋ ಪ್ಲಗ್ಗೋ?"

ಬಾಯಿ ತೆರೆದವನು ಹಾಗೇ ಮುಚ್ಚಿದೆ. ಎರಡನ್ನೂ ಒಟ್ಟಿಗೆ ಸಾಗಿಸಿದರೆ ಕಳ್ಳ ಯಾರು ಅಂತ ಹೇಗೆ ಹೇಳುವುದು? ಮತ್ತೆ ಇಂಜಿನ್ ತಣಿಯುವ ತನಕ ಕಾಯಬೇಕು. ಸಂಜೆ ಪ್ಲಗ್ಗನ್ನು ಮಾತ್ರ ಮೂರಕ್ಕೆ ವಾಪಸ್ ಹಾಕಿ, ಕಾಯಿಲ್ಲನ್ನು ಒಂದರಲ್ಲೇ ಬಿಟ್ಟು ಓಡಿಸಿದೆ. ಮತ್ತೆ ಪಿ0301. ಕಾಯಿಲ್‌ದೇ ತಪ್ಪು ಅಂತ ತೀರ್ಪು ಕೊಟ್ಟೆ.

ಪ್ಲಗ್ಗುಗಳೂ ಬದಲಾವಣೆ ಬೇಡುವ ಸ್ಥಿತಿಯಲ್ಲೇ ಇದ್ದವು. ಮ್ಯಾನ್ಯುಅಲ್ ಪ್ರಕಾರ ನನ್ನ ಗಾಡಿಯ ಪ್ಲಗ್ ಗ್ಯಾಪ್ 1.1 ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ ಹಾಕಿದರೆ 1.4 ದಾಟಿತ್ತು. ಗ್ಯಾಪ್ ದೊಡ್ಡದಾದಷ್ಟೂ ಅದನ್ನು ಹಾರಲು ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕು. ಸಿಲಿಂಡರಿನೊಳಗೆ ಒತ್ತಡ ಏರಿದಷ್ಟೂ ಇನ್ನೂ ಜಾಸ್ತಿ. ಏರಿನಲ್ಲಿ ಮೊದಲು ಮುಗ್ಗರಿಸಿದ್ದು ಯಾಕೆ ಅಂತ ಈಗ ಅರ್ಥವಾಯಿತು. ಭಾರ ಎಳೆಯುವಾಗ ಒಳಗೆ ಗಾಳಿ, ಪೆಟ್ರೋಲು ಹೆಚ್ಚು ತುಂಬುತ್ತದೆ, ಒತ್ತಡ ಏರುತ್ತದೆ. ಸೋತ ಕಿಡಿ ಮೊದಲು ಕೈಕೊಡುವುದೇ ಅಲ್ಲಿ. ನಾಲ್ಕು ಹೊಸ ಪ್ಲಗ್, ಒಂದು ಹೊಸ ಕಾಯಿಲ್ ಹಾಕಿದೆ. ಪ್ಲಗ್ಗನ್ನು ಮೊದಲು ಒಂದು ತುಂಡು ರಬ್ಬರ್ ಪೈಪಿಗೆ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿದೆ. ಮರೆ ಅಡ್ಡ ಹತ್ತಿದರೆ ಪೈಪು ಜಾರಿ ಸುತ್ತುತ್ತದೆ, ಪಾನಾದ ಹಾಗೆ ಬಲವಂತ ಮಾಡಿ ಹೆಡ್ ಹಾಳು ಮಾಡುವುದಿಲ್ಲ. ಕೊನೆಯ ಬಿಗಿತಕ್ಕೆ ಮಾತ್ರ ಟಾರ್ಕ್ ರೆಂಚ್, ಅಂದರೆ ಬಿಗಿತ ಅಳೆಯುವ ಪಾನಾ.

ಗಾಡಿ ಬೆಣ್ಣೆಯ ಹಾಗೆ ಓಡಿತು. ನಾಲ್ಕು ತಿಂಗಳು.

ಆಮೇಲೆ ಒಂದು ದಿನ ಅದೇ ಏರು, ಅದೇ ಮುಗ್ಗರಿಕೆ, ಅದೇ ಪಿ0303. ಹೊಸ ಕಾಯಿಲ್, ಹೊಸ ಪ್ಲಗ್ ಇದ್ದೂ ಅದೇ ಸಿಲಿಂಡರ್! ಸಿಟ್ಟು ಬಂತು. ಕಿಡಿಯ ಕಡೆ ಎಲ್ಲ ಹೊಸದು, ಅಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ ಅಂತ ನಾನೇ ಗೆರೆ ಎಳೆದುಕೊಂಡು ಉಳಿದದ್ದರ ಹಿಂದೆ ಬಿದ್ದೆ.

ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ನೋಡಿದೆ. ಉದ್ದನೆ ಸ್ಕ್ರೂಡ್ರೈವರ್ ತುದಿಯನ್ನು ಇಂಜೆಕ್ಟರ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಡಾಕ್ಟರ ಸ್ಟೆತಸ್ಕೋಪಿನ ಹಾಗೆ. ನಾಲ್ಕರಲ್ಲೂ ಟಿಕ್ ಟಿಕ್ ಟಿಕ್ ಒಂದೇ ದನಿ. ಕನೆಕ್ಟರ್ ತೆಗೆದು ಮಲ್ಟಿಮೀಟರಿನಲ್ಲಿ ಅಳೆದೆ, ನಾಲ್ಕೂ 12 ಓಮ್ ಆಸುಪಾಸು. ಒಂದು ಬೇರೆಯಾಗಿದ್ದರೆ ಅನುಮಾನ ಪಡಬೇಕಿತ್ತು.

ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನುವ ಲೆಕ್ಕ, ನೋಡಿದೆ. ಇದು ನನ್ನನ್ನು ಅರ್ಧ ದಿನ ದಾರಿ ತಪ್ಪಿಸಿತು. ಟ್ರಿಮ್ ಪ್ಲಸ್ ಕಡೆ ಏರಿತ್ತು, ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂದುಕೊಂಡು ಕಂಪ್ಯೂಟರ್ ಹೆಚ್ಚು ಹೆಚ್ಚು ಸುರಿಯುತ್ತಿತ್ತು. ಎಲ್ಲೋ ಗಾಳಿ ಸೋರಿಕೆ ಇರಬೇಕು ಅಂತ ವ್ಯಾಕ್ಯೂಮ್ ಪೈಪುಗಳನ್ನೆಲ್ಲ ಒಂದೊಂದಾಗಿ ಹಿಸುಕಿ, ಬಗ್ಗಿಸಿ, ಕಿವಿಗೊಟ್ಟು ನೋಡಿದೆ. ಒಂದೂ ಬಿರುಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು. ಕಂಪ್ಯೂಟರ್ ಈ ಲೆಕ್ಕಕ್ಕೆ ನಂಬುವುದು ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರನ್ನು. ಅದು ಅಳೆಯುವುದು ಪೆಟ್ರೋಲನ್ನಲ್ಲ, ಆಕ್ಸಿಜನ್ನನ್ನು. ಮೂರನೇ ಸಿಲಿಂಡರ್ ಉರಿಯದಿದ್ದಾಗ ಅದರ ಪಾಲಿನ ಆಕ್ಸಿಜನ್ ಹಾಗೇ ಹೊರಗೆ ಬರುತ್ತದೆ. ಸೆನ್ಸರ್ ಅದನ್ನು ನೋಡಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ವರದಿ ಕೊಡುತ್ತದೆ. ಪಕ್ಕದಲ್ಲೇ ಹಸಿ ಪೆಟ್ರೋಲು ಹರಿದುಹೋಗುತ್ತಿದ್ದರೂ ಅದಕ್ಕೆ ಲೆಕ್ಕವಿಲ್ಲ. ಏರಿದ ಟ್ರಿಮ್ ಮಿಸ್ಸಿಂಗಿನ ಕಾರಣ ಆಗಿರಲಿಲ್ಲ, ಅದರ ಪರಿಣಾಮ ಆಗಿತ್ತು.

ಉಳಿದದ್ದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ನಿಲ್ಲುವ ಒತ್ತಡ. ಗೇಜ್ ಒಬ್ಬರಿಂದ ಕೇಳಿ ತಂದೆ. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ತೆಗೆದು, ಹುಡುಗನನ್ನು ಒಳಗೆ ಕೂರಿಸಿ ಆಕ್ಸಲರೇಟರ್ ಪೂರ್ತಿ ಒತ್ತಿಸಿ ಸೆಲ್ಫ್ ಹೊಡೆಸಿದೆ. 172, 168, 170, 165 ಪಿಎಸ್‌ಐ. ಇಲ್ಲಿ ನೋಡಬೇಕಾದ್ದು ಅಂಕಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ನಾಲ್ಕೂ ಎಷ್ಟು ಹತ್ತಿರ ಇವೆ ಅನ್ನುವುದನ್ನು. ಮೂರನೆಯದು ಮಾತ್ರ ಬಿದ್ದಿದ್ದರೆ ಆ ಗುಂಡಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕಿತ್ತು. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವೋ ಹೆಡ್ ಪ್ಯಾಕಿಂಗೋ ಸೋರುತ್ತಿದೆ ಅನ್ನುವ ಲೆಕ್ಕ. ನನಗೆ ಅದರ ಅಗತ್ಯ ಬೀಳಲಿಲ್ಲ. ಇಂಜಿನ್ನಿನ ಹೊಟ್ಟೆ ಗಟ್ಟಿಯಾಗಿತ್ತು.

ಒತ್ತಡ ಇದೆ, ಪೆಟ್ರೋಲ್ ಇದೆ. ಮತ್ತೆ ಬಂದು ನಿಂತದ್ದು ಕಿಡಿಯ ಮುಂದೆಯೇ. ರಾತ್ರಿ ದೀಪ ಆರಿಸಿ, ಬಾನೆಟ್ ಎತ್ತಿ, ಕಿಡಿ ಎಲ್ಲಾದರೂ ಹೊರಗೆ ಹಾರುತ್ತಿದೆಯೇ ಅಂತ ಕತ್ತಲಲ್ಲಿ ದಿಟ್ಟಿಸಿದೆ. ಉದ್ದ ಪ್ಲಗ್ ವೈರ್ ಇರುವ ಹಳೆ ಗಾಡಿಗಳಲ್ಲಿ ನೀಲಿ ಗೆರೆ ಮಿಂಚುವುದು ಚೆನ್ನಾಗಿ ಕಾಣುತ್ತದೆ. ನನ್ನದರಲ್ಲಿ ಎಲ್ಲ ಗುಂಡಿಯೊಳಗೇ ನಡೆಯುವುದರಿಂದ ಏನೂ ಕಾಣಲಿಲ್ಲ. ಸೊಳ್ಳೆ ಕಚ್ಚಿಸಿಕೊಂಡದ್ದಷ್ಟೇ ಲಾಭ.

ಮರುದಿನ ಮೂರರ ಕಾಯಿಲ್ ಎಳೆದೆ. ಹುಡುಗ ಟಾರ್ಚನ್ನು ಗುಂಡಿಯೊಳಗೆ ಬಿಟ್ಟು ಬಗ್ಗಿದ.

"ಮಾವ, ಇದ್ರೊಳಗೆ ಎಣ್ಣೆ ನಿಂತಿದೆ ನೋಡಿ."

ನಿಂತಿತ್ತು. ಪ್ಲಗ್ಗಿನ ಆರು ಮೂಲೆಯ ನಟ್ಟಿನ ಸುತ್ತ ಕಪ್ಪಗೆ, ಟಾರ್ಚ್ ಬೆಳಕಿಗೆ ಕನ್ನಡಿಯ ಹಾಗೆ ಹೊಳೆಯುತ್ತ. ಉಳಿದ ಮೂರು ಗುಂಡಿಗಳು ಒಣಗಿದ್ದವು. ಕೈಯಲ್ಲಿದ್ದ ಕಾಯಿಲ್‌ನ ಬೂಟು ನೋಡಿದೆ. ನಾಲ್ಕು ತಿಂಗಳ ಹಿಂದೆ ಗಟ್ಟಿಯಾಗಿದ್ದ ರಬ್ಬರ್ ನೆನೆದ ಕಡಲೆಯ ಹಾಗೆ ಊದಿ ಮೆತ್ತಗಾಗಿತ್ತು. ಬೆರಳಲ್ಲಿ ಒತ್ತಿದರೆ ತಗ್ಗು ಹಾಗೇ ಉಳಿಯುತ್ತಿತ್ತು. ಒಂದು ಬದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ, ಅದರ ತುದಿಯಲ್ಲಿ ಸೂಜಿ ಚುಚ್ಚಿದಂಥ ತೂತು. ಪ್ಲಗ್ ಬಿಚ್ಚಿ ನೋಡಿದರೆ ಬಿಳಿ ಪಿಂಗಾಣಿಯ ಮೇಲೂ ಮೇಲಿಂದ ಕೆಳಕ್ಕೆ ಅಂಥದ್ದೇ ಒಂದು ಗೆರೆ.

ಕಾಯಿಲ್ ಸರಿಯಾಗಿಯೇ ಕಿಡಿ ಕೊಡುತ್ತಿತ್ತು. ಆದರೆ ಸಾವಿರಾರು ವೋಲ್ಟಿನ ಆ ಕರೆಂಟು ಪ್ಲಗ್ಗಿನ ತುದಿಯವರೆಗೆ ಹೋಗುವ ಕಷ್ಟ ತೆಗೆದುಕೊಳ್ಳದೆ, ಕೊಳೆತ ರಬ್ಬರಿನ ತೂತಿನಿಂದ ಪಕ್ಕದ ಲೋಹದ ಗೋಡೆಗೆ ಹಾರಿಬಿಡುತ್ತಿತ್ತು. ಸುಲಭದ ದಾರಿ ಸಿಕ್ಕರೆ ಯಾರು ಬಿಡುತ್ತಾರೆ?

ಆಗ ನೆನಪಾಯಿತು, ಮೊದಲ ದಿನ ನಾನು ಒರೆಸಿದ ಎಣ್ಣೆ ಪಸೆ. ಅದು ಚೆಲ್ಲಿದ ಎಣ್ಣೆ ಆಗಿರಲಿಲ್ಲ. ಮೇಲಿನ ಟ್ಯಾಪೆಟ್ ಕವರ್ ಒಳಗೆ ಪ್ರತಿ ಪ್ಲಗ್ ಗುಂಡಿಯ ಸುತ್ತ ಒಂದು ರಬ್ಬರ್ ಸೀಲ್ ಇರುತ್ತದೆ. ಮೂರನೆಯದರ ಸೀಲ್ ಗಟ್ಟಿಯಾಗಿ ಬಿರಿದು ಹನಿ ಹನಿಯಾಗಿ ಇಳಿಯುತ್ತಿತ್ತು. ನಾನು ಅಪರಾಧಿಯ ಹೆಜ್ಜೆ ಗುರುತನ್ನು ಕೈಯಾರೆ ಒರೆಸಿ, ಸಾಕ್ಷಿಯನ್ನು ಜೈಲಿಗೆ ಹಾಕಿದ್ದೆ.

ಇನ್ನೊಂದು ವಿಷಯವೂ ತಲೆಗೆ ಬಂತು. ಅದಲು ಬದಲು ಮಾಡಿದಾಗ ಕಾಯಿಲ್ ಒಂದೇ ಹೋಗಿರಲಿಲ್ಲ, ಅದರ ತುದಿಯ ಬೂಟೂ ಜತೆಗೇ ಹೋಗಿತ್ತು. ಹುಡುಗ ಕೇಳಿದ ಪ್ರಶ್ನೆಯನ್ನೇ ಇನ್ನೊಂದು ಸಲ ಕೇಳಿಕೊಳ್ಳಬೇಕಿತ್ತು. ಹಾಗಾದರೆ ಆ ಹಳೆ ಕಾಯಿಲ್? ಎಸೆಯುವ ಅಭ್ಯಾಸ ನನಗಿಲ್ಲದ್ದರಿಂದ ಅದು ಸಾಮಾನಿನ ಡಬ್ಬಿಯಲ್ಲಿ ಬಿದ್ದಿತ್ತು. ತೆಗೆದು ಬೂಟು ತಿರುಗಿಸಿದೆ. ಅದರಲ್ಲೂ ಗೆರೆ, ಅದರಲ್ಲೂ ತೂತು.

ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೆಟ್, ಗುಂಡಿಯ ನಾಲ್ಕು ಸೀಲ್, ಎರಡು ರಬ್ಬರ್ ಬೂಟು, ಒಂದು ಪ್ಲಗ್ ತಂದೆ. ಪ್ಲಗ್ ಬಿಚ್ಚುವ ಮುಂಚೆ ಗುಂಡಿಯ ಎಣ್ಣೆಯನ್ನು ಕಡ್ಡಿಗೆ ಬಟ್ಟೆ ಸುತ್ತಿ ಹೀರಿಸಬೇಕು, ನಾನು ಅವಸರದಲ್ಲಿ ಸ್ವಲ್ಪ ಒಳಗೆ ಬೀಳಿಸಿಕೊಂಡೆ. ಹಾಗಾಗಿ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ನೀಲಿ ಹೊಗೆ ಕಾರಿತು. ಕವರ್ ತೆಗೆದು ಹಳೆ ಸೀಲ್ ಎಬ್ಬಿದರೆ ಪ್ಲಾಸ್ಟಿಕ್ ಬಳೆಯ ಹಾಗೆ ಟಪ್ ಅಂತ ತುಂಡಾಯಿತು. ಹೆಡ್ ಮತ್ತು ಚೈನ್ ಕವರ್ ಸೇರುವ ಎರಡು ಮೂಲೆಗಳಿಗೆ ಬಟಾಣಿ ಗಾತ್ರದಷ್ಟು ಸೀಲೆಂಟ್ ಹಚ್ಚಿ, ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಇವು ಚಿಕ್ಕ ಬೋಲ್ಟುಗಳು. ತೋಳಿನ ಬಲ ತೋರಿಸಲು ಹೋದರೆ ಕವರ್ ಸೀಳುತ್ತದೆ, ಇಲ್ಲವೇ ಬೋಲ್ಟೇ ಕೈಗೆ ಬರುತ್ತದೆ.

ಕೊನೆಯಲ್ಲಿ ಒಂದು ಚಪಲ. ಹಳೆ ಕಾಯಿಲ್‌ಗೆ ಹೊಸ ಬೂಟು ತೊಡಿಸಿ ಅದನ್ನೇ ಮೂರಕ್ಕೆ ಹಾಕಿದೆ. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದೆ. ನೀಲಿ ಹೊಗೆ ಹೋದ ಮೇಲೆ ಸೈಲೆನ್ಸರ್ ಹತ್ತಿರ ಕೈ ಹಿಡಿದೆ. ಒಂದೇ ಸಮ. ಅದೇ ಏರಿಗೆ ಹೋಗಿ, ಬೇಕಂತಲೇ ನಾಲ್ಕನೇ ಗೇರಿನಲ್ಲಿ ಒತ್ತಿದೆ. ಪಕ್ಕದಲ್ಲಿ ಕೂತ ಹುಡುಗ ಮೊಬೈಲಿನಲ್ಲಿ ಮಿಸ್‌ಫೈರ್ ಎಣಿಕೆ ಓದುತ್ತಿದ್ದ. "ಸೊನ್ನೆ. ಸೊನ್ನೆ. ಮಾವ, ಈಗ್ಲೂ ಸೊನ್ನೆ."

ಅದಾಗಿ ವರ್ಷ ಕಳೆದಿದೆ. ನಾನು ಹಾಳು ಅಂತ ತೀರ್ಪು ಕೊಟ್ಟ ಕಾಯಿಲ್ ಇನ್ನೂ ಮೂರನೇ ಸಿಲಿಂಡರ್ ಮೇಲೇ ಕೂತಿದೆ. ಹೊಸದಾಗಿ ಕೊಂಡದ್ದು, ಇನ್ನೊಂದು ಹೊಸ ಬೂಟು ತೊಟ್ಟುಕೊಂಡು, ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದೆ.